ಪೂಲಿನ ತೂತುಗಳು

ನಮ್ಮೂರಿನ ಹಳ್ಳ ದೂಧಗಂಗೆಯನ್ನು ಸೇರುವ ಮೊದಲು ಒಂದು ಕಲ್ಲಿನ ಸೇತುವೆಯ ಕೆಳಗೆ ಹಾಯುತ್ತದೆ. ಊರವರು ಅದನ್ನು ಪೂಲ ಎನ್ನುತ್ತಾರೆ. ಬ್ರಿಟಿಷರು ಕಟ್ಟಿಸಿದ್ದೆಂದು ಎಲ್ಲರೂ ಹೇಳುತ್ತಾರೆ, ಕಲ್ಲು ಹೊತ್ತವರು ನಮ್ಮವರೇ ಎಂದು ಯಾರೂ ಹೇಳುವುದಿಲ್ಲ. ಕರಿಕಲ್ಲಿನ ಮೂರು ಕಮಾನು, ಸುಣ್ಣ ಮರಳು ಅರೆದು ಮಾಡಿದ ಗಚ್ಚು. ಅದನ್ನು ಅರೆದ ಗಾಣದ ದುಂಡನೆಯ ಕಲ್ಲಿನ ಕಾಲುವೆ ಇನ್ನೂ ದಂಡೆಯ ಮೇಲಿದೆ; ಮಳೆನೀರು ನಿಂತರೆ ಎಮ್ಮೆಗಳು ಕುಡಿಯುತ್ತವೆ. ಬೇಡಕಿಹಾಳದ ಕಡೆಯ ಟ್ರ್ಯಾಕ್ಟರ್‌ಗಳು ಕಬ್ಬಿನ ಎರಡೆರಡು ಟ್ರೇಲರ್ ಎಳೆದುಕೊಂಡು ಹೋದರೂ ಪೂಲ ಮಿಸುಕುತ್ತಿರಲಿಲ್ಲ.

ಅದರ ಪಕ್ಕದ ಗೋಡೆಗಳಲ್ಲಿ ಸಾಲಾಗಿ ತೂತುಗಳಿದ್ದವು, ಕೈ ಹೋಗುವಷ್ಟು ದೊಡ್ಡವು. ಯಾಕಿವೆ ಎಂದು ನಾವು ಕೇಳಿದವರೇ ಅಲ್ಲ. ಮೇಲಿನವುಗಳಲ್ಲಿ ಗಿಳಿಗಳಿದ್ದವು. ಕೆಳಗಿನವುಗಳಲ್ಲಿ ಎಮ್ಮೆ ಕಾಯುವವರು ಬುತ್ತಿ, ತಂಬಾಕಿನ ಚಂಚಿ ಇಟ್ಟು ನೆರಳಿಗೆ ಮಲಗುತ್ತಿದ್ದರು. ನಮ್ಮಣ್ಣನೂ ಇಟ್ಟಿದ್ದ. ಚಂಚಿ ತೆಗೆಯಲು ಕೈ ಹಾಕಿದಾಗ ನಾಗರಹಾವು ಕಚ್ಚಿತು. ನಿಪ್ಪಾಣಿಯ ದವಾಖಾನೆ ಮುಟ್ಟುವುದರೊಳಗೆ ನನ್ನ ತೊಡೆಯ ಮೇಲೆ ಜೀವ ಬಿಟ್ಟ.

ಊರ ಹುಡುಗರು ಬಡಿಗೆ ಹಿಡಿದು ಹೊರಟರು. ತಡೆದವಳು ಅವ್ವ. ಅಣ್ಣನ ಹೆಣ ಇನ್ನೂ ಅಂಗಳದಲ್ಲಿತ್ತು.

“ನಾಗಪ್ಪನ್ನ ಕೊಲ್ಲಬ್ಯಾಡ್ರಿ. ಅಂವನ ಮನಿ ಮುಚ್ಚರಿ, ತಾನಽ ಹೋಗ್ತಾನ,” ಅಂದಳು.

ನನಗೆ ಮೈಯೆಲ್ಲ ಉರಿಯಿತು. ಮಗನನ್ನು ತಿಂದ ಹಾವಿಗೂ ಮರ್ಯಾದೆ! ಆದರೆ ಅವತ್ತು ಹೆತ್ತವಳ ಮಾತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಅಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ, ಹೊಗೆ ಹಾಕಿ ಹಾವನ್ನು ಓಡಿಸಿ, ಎಲ್ಲ ತೂತುಗಳಿಗೂ ಸಿಮೆಂಟ್ ಮೆತ್ತಿದರು. ಪೂಲ ಈಗ ಹೊಸದರಂತೆ ಕಾಣುತ್ತದೆ ಎಂದು ಕೆಲವರು ಖುಷಿಪಟ್ಟರು.

ಮುಂದಿನ ಆಷಾಢದಲ್ಲಿ ಮಳೆ ಜಡಿ ಹಿಡಿಯಿತು. ಪೂಲಿನ ಗೋಡೆ ಹೊಟ್ಟೆ ಬಿಟ್ಟಿದೆ ಎಂದು ಯಾರೋ ಅಂದರು. ಹಳೆಯ ಕಾಲದ ಕೆಲಸ, ಅದಕ್ಕೇನಾಗುತ್ತದೆ ಎಂದು ಉಳಿದವರು ನಕ್ಕರು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಹುಲ್ಲಿನ ಹೊರೆ ಹೊತ್ತು ಅದರ ಬುಡದಲ್ಲಿ ಬರುತ್ತಿದ್ದ. ಗೋಡೆ ಅವನ ಮೇಲೆ ಕುಸಿಯಿತು. ಕಲ್ಲು ಸರಿಸಿದವರಲ್ಲಿ ನಾನೂ ಇದ್ದೆ. ಕಂಡದ್ದನ್ನು ಬರೆಯಲಾರೆ.

ನೋಡಲು ಬಂದ ಎಂಜಿನಿಯರು ಮುರಿದ ಜಾಗ ತೋರಿಸಿದರು. ಕಲ್ಲು ಹೊರಗಷ್ಟೇ ಇತ್ತು. ಕಮಾನಿನ ಮೇಲೆ, ಎರಡು ಗೋಡೆಗಳ ನಡುವೆ, ಬರೀ ಮಣ್ಣು ಗರಸು ತುಂಬಿದ್ದರು.

“ರಸ್ತೆ ಮ್ಯಾಲಿನ ನೀರು ಒಳಗ ಇಳಿತೈತ್ರಿ. ಅದು ಹೊರಗ ಹೋಗಾಕ ಈ ತೂತ ಬಿಟ್ಟಿದ್ರು. ಮುಚ್ಚಿದ್ರ ಮಣ್ಣು ನೀರು ಕುಡದು ಗೋಡಿ ನೂಕತೈತಿ. ಯಾರ್ ಮುಚ್ಚಿದ್ರಿ?”

ತಿರುಗಿ ಬರುವಾಗ ಹಿರಿಯರೊಬ್ಬರು ನನ್ನ ಹೆಗಲು ಹಿಡಿದು, “ನಿಮ್ಮವ್ವಗ ಹೇಳಬ್ಯಾಡಪಾ. ಮೊದಲಽ ಸತ್ತಂಗ ಆಗ್ಯಾಳ,” ಅಂದರು. ನಮ್ಮೂರಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಸಂಜೆಯೊಳಗೆ ಸುದ್ದಿ. ಆದರೂ ಈ ಒಂದು ಗುಟ್ಟು ಅವ್ವನ ಕಿವಿಗೆ ಹೋಗಲಿಲ್ಲ.

ಕಾಕಾನ ಹೆಂಡತಿ, ನಮ್ಮ ಕಾಕು, ದಿನಾ ನಮ್ಮ ಮನೆಗೆ ಬರತೊಡಗಿದಳು. ಇಬ್ಬರೂ ಬಾಗಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದರು. ಅಣ್ಣ ಹೋದ ಮೇಲೆ ಅವ್ವ ಹೊಟ್ಟೆತುಂಬ ಉಂಡದ್ದು ಕಾಕು ಎದುರಿಗೆ ಕೂತು ಬಡಿಸಿದಾಗಲೇ. ಇದೊಂದು ಆಸರೆಯಾದರೂ ಅವಳಿಗೆ ಉಳಿಯಲಿ ಎಂದು ನಾನು ಬಾಯಿ ಬಿಗಿಹಿಡಿದೆ. ನಿಜ ಹೇಳಬೇಕೆಂದರೆ, ಪ್ರತಿದಿನ ಹೆದರಿಕೊಂಡೇ ಇದ್ದೆ.

ಗೋಡೆ ಮತ್ತೆ ಕಟ್ಟುವಾಗ ಗೌಂಡಿಗಳು ಕಲ್ಲುಗಳ ನಡುವೆ ಪೈಪಿನ ತುಂಡುಗಳನ್ನು ಇಡುತ್ತಿದ್ದರು. ಹೊಲದಿಂದ ಬರುತ್ತಿದ್ದ ಅವ್ವ ಕಂಡು ಕೆರಳಿದಳು.

“ಮತ್ತ ತೂತ ಯಾಕ ಬಿಡ್ತೀರಿ? ಇನ್ನೊಬ್ಬಾಕಿ ಮಗ ಸಾಯಬೇಕನ?”

ಗೌಂಡಿ ಪರವೂರಿನವನು, ಅವನಿಗೇನು ಗೊತ್ತು.

“ತೂತ ಮುಚ್ಚಿದ್ದಕ್ಕಽ ಗೋಡಿ ಬಿದ್ದದ್ರಿ ಆಯಿ,” ಅಂದ.

ಟ್ರ್ಯಾಕ್ಟರ್‌ನಿಂದ ಕಲ್ಲು ಇಳಿಸುತ್ತಿದ್ದ ನಾನು ಓಡಿ ಬರುವುದರೊಳಗೆ ಮಾತು ಆಗಿಹೋಗಿತ್ತು. ಅವ್ವ ಮನೆಗೆ ಬರಲಿಲ್ಲ. ನೇರ ಕಾಕುವಿನ ಮನೆಯ ಕಡೆ ನಡೆದಳು. “ಬ್ಯಾಡಬೇ ಯವ್ವಾ,” ಎಂದು ಸೆರಗು ಹಿಡಿದೆ, ಕೊಸರಿಕೊಂಡಳು.

ಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ತಂಗೀ, ಆ ತೂತ ಮುಚ್ಚಸಿದಾಕಿ ನಾನಽ. ನಿನ್ನ ಗಂಡನ್ನ ನಾನಽ ತಿಂದೆ ನೋಡು,” ಅಂದಳು ಅವ್ವ.

ಕಾಕು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು.

“ನನಗ ಮೊದಲಽ ಗೊತ್ತಿತ್ತ ಯಕ್ಕಾ. ನಿನಗ ಗೊತ್ತಿಲ್ಲಂತ ಬರತಿದ್ನಿ,” ಅಂದಳು. “ಈಗ ನಿನಗೂ ಗೊತ್ತಾತು, ಇನ್ನ ನಿನ್ನ ಎದುರಿಗೆ ಕುಂಡ್ರೂದು ನನ್ನ ಕೈಲೆ ಆಗೂದಿಲ್ಲ. ಹೋಗು.”