ಕಂಪ್ಯೂಟರ್ ಒಳಗಿನ ವಟವಟ ಮತ್ತು ನನ್ನ ಸೀಟು

‘ಮೇಡಂ, ನಿಮ್ಮ ಕಂಪ್ಯೂಟರ್ ಇನ್ನು ಕುದುರೆ ಥರ ಓಡುತ್ತೆ. ಒಳಗೆ ಯಾವನೋ ಒಬ್ಬ ಒಂದೇ ಸಮನೆ ವಟವಟ ಅಂತಿದ್ದ. ಅವನನ್ನ ಕಿತ್ತು ಬಿಸಾಕಿದೀನಿ!’

ಹಾಸನದಿಂದ ಬಂದಿದ್ದ ಟೆಕ್ನಿಷಿಯನ್ ಕಿರಣ್ ಹೀಗೆ ಹೇಳಿ ಬ್ಯಾಗಿನ ಜಿಪ್ ಎಳೆದ. ನಾನು ಗಬಕ್ಕನೆ ಹೆಡ್‌ಫೋನ್ ಹಾಕಿಕೊಂಡು ಒಂದು ಕೀ ಒತ್ತಿದೆ. ಸದ್ದಿಲ್ಲ. ಇನ್ನೊಂದು ಒತ್ತಿದೆ. ಊಹೂಂ. ಕೈಗೆ ಸಿಕ್ಕಿದ ಕೀಗಳನ್ನೆಲ್ಲ ಒತ್ತಿದೆ. ಉಸಿರೇ ಇಲ್ಲ!

ನನಗೆ ಕಣ್ಣು ಕಾಣುವುದಿಲ್ಲ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಹೊಸಬರಿಗೆ ಈಗ ಗೊತ್ತಾಯಿತು. ‘ಅಯ್ಯೋ ಪಾಪ’ ಅನ್ನಬೇಡಿ, ಮುಂದೆ ಓದಿ.) ಕಂಪ್ಯೂಟರ್ ಪರದೆಯ ಮೇಲೆ ಇರುವುದನ್ನೆಲ್ಲ ನನಗೆ ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ. ಅದಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ನಾನು ಟೈಪ್ ಮಾಡಿದ ಅಕ್ಷರವನ್ನೂ ಅದೇ ಹೇಳಬೇಕು. ಕಿರಣ್ ಕಿತ್ತು ಬಿಸಾಕಿದ್ದು ಅದನ್ನೇ.

‘ರೀ, ನನಗೆ ಕಣ್ಣು ಕಾಣಲ್ಲ ಅಂತ ನಿಮಗೆ ಗೊತ್ತಿತ್ತು ತಾನೇ?’ ಅಂದೆ.

‘ಗೊತ್ತು ಮೇಡಂ. ಅದಕ್ಕೇ ಲೆಟರ್ಸ್ ಎಲ್ಲ ದೊಡ್ಡದು ಮಾಡಿದೀನಿ.’

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಹಾಸನದ ಬಸ್ಸು ಹಿಡಿಯಲು ಓಡಿಯಾಗಿತ್ತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನಿರುವುದು ಹೊಳೆನರಸೀಪುರದಲ್ಲಿ, ಕೆಲಸ ಅರಕಲಗೂಡಿನಲ್ಲಿ. ಯಾವ ಆಫೀಸು ಅಂತ ಕೇಳಬೇಡಿ (ನಾಳೆ ಮತ್ತೆ ಅಲ್ಲಿಗೇ ಹೋಗಬೇಕು). ಜನರ ಅರ್ಜಿಗಳನ್ನು ಕಂಪ್ಯೂಟರ್‌ಗೆ ಏರಿಸುವ ಸೀಟು ನನ್ನದು. ‘ನಿಮ್ಮ ಕೈಲಿ ಆಗುತ್ತಾ?’ ಅಂದವರ ಜೊತೆಯೆಲ್ಲ ಕಿತ್ತಾಡಿ ಗಿಟ್ಟಿಸಿಕೊಂಡ ಸೀಟು.

ಈಚೆಗೆ ನಮ್ಮ ಆಫೀಸಿನ ಎಲ್ಲ ಕಂಪ್ಯೂಟರ್‌ಗಳನ್ನೂ ಅಪ್‌ಗ್ರೇಡ್ ಮಾಡಿದರು. ಎಲ್ಲವೂ ಸ್ಲೋ ಆದವು. ನನ್ನದಂತೂ ಅತ್ತ ಸಾಯಲೂ ಇಲ್ಲ, ಇತ್ತ ಬದುಕಲೂ ಇಲ್ಲ. ಅರ್ಜಿದಾರರ ಹೆಸರು ಪೂರ್ತಿ ಟೈಪ್ ಮಾಡಿದ ಮೇಲೆ ಮೊದಲ ಅಕ್ಷರ ಕಿವಿಗೆ ಬೀಳುತ್ತಿತ್ತು. ಮಧ್ಯೆ ತಪ್ಪಾಗಿದ್ದರೆ ಎಲ್ಲಿ ಅಂತ ಹುಡುಕುವುದು? ಮತ್ತೆ ಮೊದಲಿನಿಂದ ಶುರು.

ಕೊಣನೂರಿನಿಂದ ಬಂದ ಅಜ್ಜಿಯೊಬ್ಬರು ಟೇಬಲ್ ಮುಂದೆ ಕಾದು ಕಾದು ಸುಸ್ತಾದರು.

‘ಯಾಕವ್ವ, ಇನ್ನೂವೇ ಆಗ್ನಿಲ್ವಾ? ಬಸ್ಸು ಒಂಟೋಯ್ತದೆ ಕಣವ್ವ.’

‘ಮಿಷನ್ ನಿಧಾನ ಅಜ್ಜಿ.’

‘ಅಂಗಾ? ನಿನ್ ಕಣ್ಣಿಂದ್ಲೇ ತಡ ಆಯ್ತಾ ಅದೆ ಅನ್ಕಂಡಿದ್ದೆ.’

ಅಜ್ಜಿ ಬಾಯಿಬಿಟ್ಟು ಹೇಳಿದರು, ಉಳಿದವರು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ. ಪಕ್ಕದ ಟೇಬಲ್ಲಿನ ಮಂಜಣ್ಣನ ಕಂಪ್ಯೂಟರ್ ನಿಂತರೆ ‘ಥೂ, ದರಿದ್ರ ಸಿಸ್ಟಂ’ ಅನ್ನುತ್ತಾರೆ. ನನ್ನದು ನಿಂತರೆ ‘ಪಾಪ, ಪುಷ್ಪಕ್ಕ’ ಅನ್ನುತ್ತಾರೆ. ಒಂದೇ ಕಂಪನಿಯ ಮಿಷನ್, ಒಂದೇ ರೋಗ. ಬೈಗುಳ ಮಾತ್ರ ಅವನಲ್ಲಿ ಮಿಷನ್ನಿಗೆ, ನನ್ನಲ್ಲಿ ಕಣ್ಣಿಗೆ!

ಅಷ್ಟು ಸಾಲದು ಅಂತ ಹೊಸ ಸಾಹೇಬರು ಬಂದರು. ನನ್ನ ಮಾನಿಟರ್ ಯಾವಾಗಲೂ ಆಫ್ ಆಗಿರುತ್ತೆ. ನೋಡುವವರು ಯಾರು? ಕರೆಂಟು ದಂಡ. ಸಾಹೇಬರು ಕಂಡದ್ದು ಕಪ್ಪು ಪರದೆ, ಕಿವಿಗೆ ಹೆಡ್‌ಫೋನ್, ಸುಮ್ಮನೆ ಕಾಯುತ್ತಾ ಕೂತಿರುವ ನಾನು. ‘ಅಲ್ಲಾ ರೀ, ಕಂಪ್ಯೂಟರ್ ಆಫ್ ಮಾಡ್ಕೊಂಡು ಹಾಡು ಕೇಳ್ತಾ ಕೂತಿದ್ದಾರಲ್ಲ ಅವರು!’ ಅಂತ ಮಂಜಣ್ಣನನ್ನು ಕೇಳಿದರಂತೆ. ಅವನು ವಿವರಿಸಿದ. ಸಾಹೇಬರಿಗೆ ನನ್ನ ಮೇಲೆ ಕರುಣೆ ಉಕ್ಕಿತು. ಸಿಟ್ಟು ಬಂದಿದ್ದರೇ ವಾಸಿಯಿತ್ತು.

‘ಪುಷ್ಪಾವತಿಯವರೇ, ನಿಮಗ್ಯಾಕೆ ಈ ಕಷ್ಟ? ಸೋಮವಾರದಿಂದ ಟಪಾಲಿಗೆ ಸೀಲ್ ಹಾಕೋದು ನೋಡ್ಕೊಳ್ಳಿ. ಆರಾಮಾಗಿರುತ್ತೆ.’

ಆರಾಮ! ಡಿಗ್ರಿ ಮಾಡಿ, ಪರೀಕ್ಷೆ ಬರೆದು, ದಿನವೂ ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಸೀಲ್ ಕುಟ್ಟುವುದಕ್ಕಾ? ‘ಸರ್, ಮೊದಲು ಕಂಪ್ಯೂಟರ್ ರಿಪೇರಿ ಮಾಡಿಸಿ. ಆಮೇಲೂ ನಾನು ಸ್ಲೋ ಅನ್ನಿಸಿದರೆ ನೀವು ಹೇಳಿದ ಹಾಗೆ’ ಅಂದೆ. ಶನಿವಾರದವರೆಗೆ ಟೈಮ್ ಕೊಟ್ಟರು. ಶುಕ್ರವಾರ ನಾನು ಊಟಕ್ಕೆ ಹೋಗಿದ್ದಾಗ ಕಿರಣ್ ಬಂದು ಮಾಡಿದ ಘನಂದಾರಿ ಕೆಲಸ ನಿಮಗೆ ಹೇಳಿದೆನಲ್ಲ.

ಸುಳ್ಳು ಯಾಕೆ, ಕಣ್ಣಲ್ಲಿ ನೀರು ಬಂತು. (ಅದೊಂದು ಕೆಲಸವನ್ನು ನನ್ನ ಕಣ್ಣು ಚೆನ್ನಾಗಿಯೇ ಮಾಡುತ್ತೆ.) ಚನ್ನರಾಯಪಟ್ಟಣದ ಲೋಕೇಶನಿಗೆ ಫೋನ್ ಮಾಡಿದೆ. ಅಂಧರ ಶಾಲೆಯಲ್ಲಿ ನನ್ನ ಜೊತೆ ಓದಿದವನು. ಅವನಿಗೂ ಕಣ್ಣು ಕಾಣಲ್ಲ, ಈಗ ನಮ್ಮಂಥವರಿಗೆ ಕಂಪ್ಯೂಟರ್ ಕಲಿಸುತ್ತಾನೆ.

‘ಲೇ ಲೋಕಾ, ನನ್ನ ಸೀಟು ಹೋಯ್ತು ಕಣೋ. ರೀಡರನ್ನೇ ಕಿತ್ತುಹಾಕ್ಬುಟ್ಟ.’

‘ಅಳ್ಬ್ಯಾಡ ಸುಮ್ಕಿರೇ. ಸಿಸ್ಟಂ ಜೊತೇಲೇ ಒಂದು ರೀಡರ್ ಬತ್ತದಲ್ಲ, ಅದುನ್ನ ಎಬ್ಬುಸು. ಗಾಬ್ರೀಲಿ ಅದೂ ಮರ್ತೋಯ್ತಾ?’

ಮರೆತೇ ಹೋಗಿತ್ತು! ಅವನು ಹೇಳಿದ ಮೂರು ಕೀ ಒಟ್ಟಿಗೆ ಒತ್ತಿದೆ. ಕಿವಿಯಲ್ಲಿ ಮಾತು ಬಂತು. ಹೋದ ಜೀವ ಬಂದಂತಾಯಿತು. ಅದರ ಸಹಾಯದಿಂದಲೇ ನನ್ನ ಹಳೆಯ ರೀಡರನ್ನು ಮತ್ತೆ ಹಾಕಿಕೊಂಡೆ. ಟೈಪ್ ಮಾಡಿದರೆ, ಶಿವನೇ, ಮತ್ತೆ ಅದೇ ಆಮೆ ನಡಿಗೆ.

‘ಎಲ್ಡೂ ಒಟ್ಟಿಗೆ ಓಡ್ತಾ ಅವೆ ಕಣೇ, ಒಂದುನ್ನ ಮಲಗ್ಸು’ ಅಂದ ಲೋಕೇಶ. ಮಲಗಿಸಿದೆ. ಕೊಂಚ ವಾಸಿ, ಆದರೂ ಸಾಲದು. ‘ಪಕ್ಕದಲ್ಲಿ ಯಾರವ್ರೆ? ಸ್ಕ್ರೀನ್ ಆನ್ ಮಾಡ್ಸಿ ಏನ್ ಕಾಣ್ತದೆ ಕೇಳು.’

ಮಂಜಣ್ಣ ಬಂದು ಮಾನಿಟರ್ ಆನ್ ಮಾಡಿದ. ‘ಅಯ್ಯಯ್ಯಪ್ಪಾ! ಏನ್ ಚೆನ್ನಾಗದೆ ಪುಷ್ಪಕ್ಕ! ಜಲಪಾತ ಬಂತು. ಈಗ ಹಿಮದ ಬೆಟ್ಟ ಬಂತು. ಮೂಲೇಲಿ ಮಳೆ, ಬಿಸಿಲು, ಸಿನಿಮಾ ಸುದ್ದಿ ಎಲ್ಲಾ ಬತ್ತಾ ಅವೆ. ಏನಾರ ಓಪನ್ ಮಾಡಿದ್ರೆ ತೇಲ್ಕಂಡು ಬತ್ತದೆ, ಮುಚ್ಚಿದ್ರೆ ಅಂಗೇ ಕರಗೋಯ್ತದೆ!’

ಇಷ್ಟು ದಿನವೂ ಈ ಹಾಳು ಕಂಪ್ಯೂಟರ್ ನನಗೆ ಜಲಪಾತ ತೋರಿಸುತ್ತಾ ಕೂತಿತ್ತೇ? ಅದೂ ಆಫ್ ಆಗಿರುವ ಪರದೆಯಲ್ಲಿ? ಒಂದು ಅಕ್ಷರ ಹೇಳಲು ಪುರುಸೊತ್ತಿಲ್ಲ, ಬೆಟ್ಟ ಬದಲಾಯಿಸಲು ಪುರುಸೊತ್ತಿದೆ!

ಫೋನಿನಲ್ಲಿ ಲೋಕೇಶ ಬಿದ್ದು ಬಿದ್ದು ನಕ್ಕ. ‘ನಿಂಗ್ಯಾಕೆ ಈ ಸಿಂಗಾರ? ಎಲ್ಲಾ ತಗುದ್ಬುಡು ಅತ್ಲಾಗೆ.’

ಅಪ್‌ಗ್ರೇಡ್ ಬರುವಾಗ ಈ ಅಲಂಕಾರವನ್ನೆಲ್ಲ ತಾನೇ ಹೊತ್ತು ತಂದಿತ್ತು. ಸುದ್ದಿ ಬದಲಾದಾಗಲೆಲ್ಲ ರೀಡರ್ ನನ್ನನ್ನು ಬಿಟ್ಟು ಅತ್ತ ತಿರುಗುತ್ತಿತ್ತು. ಸೀನರಿ ನಿಲ್ಲಿಸಿದೆ. ತೇಲುವುದು, ಕರಗುವುದು ಎರಡನ್ನೂ ಬಂದ್ ಮಾಡಿದೆ. ಸುದ್ದಿ, ಹವಾಮಾನಕ್ಕೆ ಬೀಗ ಹಾಕಿದೆ. ಕಂಪ್ಯೂಟರ್ ಎದ್ದಕೂಡಲೇ ಕರೆಯದೇ ಬಂದು ಕೂರುತ್ತಿದ್ದ ಬೇರೆ ಪ್ರೋಗ್ರಾಂಗಳನ್ನೂ ಆಚೆ ಕಳಿಸಿದೆ. ರೀಸ್ಟಾರ್ಟ್ ಮಾಡಿ ಒಂದು ಕೀ ಒತ್ತಿದರೆ, ಬೆರಳು ಎತ್ತುವ ಮೊದಲೇ ಅಕ್ಷರ ಕಿವಿಯಲ್ಲಿ! ಖುಷಿಗೆ ಮಂಜಣ್ಣನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ಮಿಷನ್ ಬದಲಾಯಿಸುವ ಮೊದಲು ‘ನೀವು ಇದನ್ನ ಹೇಗೆ ಬಳಸ್ತೀರಿ?’ ಅಂತ ನನ್ನನ್ನು ಒಂದು ಮಾತು ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಎಲ್ಲರೂ ನನ್ನ ಬಗ್ಗೆ ಮಂಜಣ್ಣನನ್ನು ಕೇಳುತ್ತಾರೆ. ಹೋಟೆಲಿನಲ್ಲಿ ಸಪ್ಲೈಯರ್ ಕೂಡ ‘ಅಕ್ಕಂಗೆ ಏನ್ ಬೇಕಂತೆ?’ ಅಂತ ಅವನನ್ನೇ ಕೇಳುತ್ತಾನೆ. ನನಗೆ ಬಾಯಿಲ್ಲವಾ?

ಶನಿವಾರ ಸಾಹೇಬರು ಪಕ್ಕದಲ್ಲೇ ನಿಂತು ನೋಡಿದರು. ನಾನು ಅರ್ಜಿಗಳನ್ನು ಸರಸರ ಏರಿಸಿದೆ. ‘ಪರವಾಗಿಲ್ವೇ!’ ಅಂದರು. ಸೀಟು ಉಳಿಯಿತು. ಹಾಗಂದುಕೊಂಡೆ.

ಸೋಮವಾರ ಬೆಳಿಗ್ಗೆಯೇ ಸರ್ವರ್ ಡೌನ್. ಅರಕಲಗೂಡು ಒಂದೇ ಅಲ್ಲ, ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲ ಕಡೆಯೂ ಹಾಗೇ ಅಂತೆ. ಮಂಜಣ್ಣ ಮೊಬೈಲ್ ನೋಡುತ್ತಾ ಕೂತ. ಇನ್ನೊಬ್ಬರು ಟೀಗೆ ಎದ್ದರು. ಸಾಹೇಬರು ರೂಮಿನಿಂದ ಬಂದು, ‘ಸರ್ವರ್ ಇಲ್ಲ, ಮಧ್ಯಾಹ್ನದ ಮೇಲೆ ಬನ್ನಿ’ ಅಂತ ಜನರಿಗೆಲ್ಲ ತಾವೇ ಕೂಗಿ ಹೇಳಿದರು. ಆಮೇಲೆ ಸೀದಾ ನನ್ನ ಟೇಬಲ್ ಹತ್ತಿರ ಬಂದು ನಿಂತರು. ದನಿ ಮೆತ್ತಗಾಯಿತು.

‘ಏನು ಪುಷ್ಪಾವತಿಯವರೇ, ಸುಮ್ನೆ ಕೂತುಬಿಟ್ರಿ? ಕಷ್ಟ ಆಗ್ತಿದ್ರೆ ಹೇಳಿ, ಆ ಟಪಾಲು ಸೀಟು ಇನ್ನೂ ಖಾಲಿ ಇದೆ.’

ಅಲ್ಲ ಸಾಹೇಬರೇ, ಇಡೀ ಜಿಲ್ಲೆಯ ಸರ್ವರ್ ನಿಂತಿದ್ದೂ ನನ್ನ ಕಣ್ಣಿನಿಂದಲೇನಾ?