ಅಕ್ಕನ ಎಲೆಗೆ ಕೂತ ದಿನ

ಎರಡನೇ ನೀರುದೋಸೆ ಮುರಿಯುತ್ತಿದ್ದಾಗ ಬಾಗಿಲು ತೆರೆಯಿತು. ನನ್ನ ರೂಮ್‌ಮೇಟ್ ಪ್ರತಿಮಾ ಮತ್ತು ಅವಳ ಅಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಪ್ರತಿಮಾಳ ಮುಖ ಬಿಳಿಚಿಕೊಂಡಿತ್ತು.

ನಾನು ಕಲಬುರಗಿಯವಳು, ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ಆ ಭಾನುವಾರ ಅಜೆಕಾರಿನ ಪ್ರತಿಮಾಳ ಮನೆ ತಲುಪುವಷ್ಟರಲ್ಲಿ ಮಳೆಗೆ ತೊಯ್ದು ಹೋಗಿದ್ದೆ. ಅವಳು ಕಪಾಟಿನಿಂದ ಹಸಿರು ಚೂಡಿದಾರ್ ತೆಗೆದುಕೊಟ್ಟಳು. ಸ್ನಾನ ಮುಗಿಸಿ ಒಳಗೆ ಬಂದರೆ ಮನೆಯಲ್ಲಿ ಯಾರೂ ಇಲ್ಲ. ಮುಚ್ಚಿದ್ದ ಕೋಣೆಯ ಬಾಗಿಲು ತಳ್ಳಿದೆ. ಒಂದೇ ಎಲೆ, ಬಿಸಿ ಕೋಳಿಸಾರು. ನಮ್ಮ ಕಡೆ ಅತಿಥಿಗೇ ಮೊದಲ ಊಟ. ಕೂತೇಬಿಟ್ಟೆ.

"ಅದು ಅಕ್ಕನಿಗೆ ಬಡಿಸಿದ್ದು ಮಾರಾಯ್ತಿ," ಎಂದಳು ಪ್ರತಿಮಾ ಪಿಸುದನಿಯಲ್ಲಿ. ಅಕ್ಕ ತೀರಿಹೋಗಿ ಎರಡು ವರ್ಷ. ಈ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಹೀಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣುವವರೆಗೆ ಮನೆಯವರು ಹೊರಗೆ ಕಾಯುತ್ತಾರಂತೆ. ನಾನು ತೊಟ್ಟಿದ್ದ ಚೂಡಿದಾರ್ ಕೂಡ ಅಕ್ಕನದೇ.

ಗಾಬರಿಯಿಂದ ಏಳಲು ಹೋದೆ. ಅಮ್ಮ ನನ್ನ ಭುಜ ಅದುಮಿ ಕೂರಿಸಿ, ಎದುರಿಗೇ ಕೂತು, ಕಣ್ಣು ಮಿಟುಕಿಸದೆ ನೋಡಿದರು.

"ನಿಧಾನ ತಿನ್ನು ಮಗಾ. ಮೆಣಸು ಕಡಿಮೆಯೇ ಹಾಕಿದ್ದೇನೆ. ನಿನಗೆ ಖಾರ ಆಗುದಿಲ್ಲ ಅಲ್ವಾ?"

ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿಂದು ಬೆಳೆದವಳು ನಾನು. ಆದರೂ ಹೌದೆಂದು ತಲೆಯಾಡಿಸಿದೆ. ಎಲೆ ಖಾಲಿಯಾಗುವವರೆಗೂ ಅವರು ಅಲುಗಾಡಲಿಲ್ಲ.

ಚೂಡಿದಾರ್ ವಾಪಸ್ ಕೊಟ್ಟರೆ ಪ್ರತಿಮಾಳ ಅಮ್ಮ ತೆಗೆದುಕೊಳ್ಳಲಿಲ್ಲ. ಅದೀಗ ನನ್ನ ಸೂಟ್‌ಕೇಸಿನ ತಳದಲ್ಲಿದೆ. ಮೊನ್ನೆ ಊರಿಗೆ ಹೋದಾಗ ನನ್ನವ್ವ ಬಡಿಸಿದ ಪಲ್ಯದ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ನನಗೀಗ ಖಾರ ಆಗುವುದಿಲ್ಲ.