ನಾನು ಕಟ್ಟಿದ ಗೇಟು

ನನಗೆ ಗೇಟು ಮುಚ್ಚುವ ಚಟ. ನ್ಯೂಜಿಲೆಂಡಿಗೆ ಬಂದ ಹೊಸತರಲ್ಲಿ ಲೋವರ್ ಹಟ್ ಎಂಬ ಊರಿನ ನನ್ನ ಫ್ಲಾಟ್‌ಮೇಟ್, ಫಾರ್ಮಿನೊಳಗೆ ಹೋದರೆ ಗೇಟು ಮುಚ್ಚದೆ ಬರಬೇಡ ಎಂದು ತಲೆಗೆ ತುಂಬಿದ್ದ. ತೆರೆದಿದ್ದನ್ನು ತೆರೆದೇ ಬಿಡಬೇಕು ಎಂಬ ಉಳಿದರ್ಧವನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೈಸೂರಿನಲ್ಲಿ ಬೀದಿ ದನ ನುಗ್ಗೀತೆಂದು ಗೇಟಿಗೆ ಹಗ್ಗ ಬಿಗಿಯುತ್ತಾ ಬೆಳೆದವನಿಗೆ ಆ ಬುದ್ಧಿಮಾತು ಸಲೀಸಾಗಿ ಹಿಡಿಸಿತ್ತು.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಒಂದು ಆಗಸ್ಟ್, ಇಲ್ಲಿ ಚಳಿಗಾಲ. ಹೆಂಡತಿಯೊಂದಿಗೆ ದಕ್ಷಿಣ ದ್ವೀಪದ ಒಳನಾಡಿನ ಬಯಲಿನಲ್ಲಿ ಕಾರು ಓಡಿಸುತ್ತಿದ್ದೆ. ಹಿಮಗಾಳಿ ಬರುತ್ತದೆಂದು ಪೆಟ್ರೋಲ್ ಬಂಕಿನವಳು ಎಚ್ಚರಿಸಿದಾಗ, ಹಿಮ ನೋಡಲೆಂದೇ ಬಂದಿದ್ದೇವೆ ಎಂದು ಹಲ್ಲುಕಿರಿದಿದ್ದೆ. ಮಧ್ಯಾಹ್ನ ಗಾಳಿ ಕಾರನ್ನು ಒದೆಯತೊಡಗಿತು. ರಸ್ತೆ ಕಾಣದಾದಾಗ ಎಡಕ್ಕಿದ್ದ ಫಾರ್ಮಿನ ದಾರಿಗೆ ತಿರುಗಿಸಿದೆ. ಬಯಲು ದಾಟಿದರೆ ಮನೆಯ ಅಂಗಳ. ನಡುವಿನ ಕಬ್ಬಿಣದ ಗೇಟು ಹಾರುಹೊಡೆದಿತ್ತು. ಕಾರನ್ನು ಒಳಗೆ ಬಿಟ್ಟು, ಇಳಿದು, ಗೇಟು ಎಳೆದು ಲಗೇಜಿನ ಹಗ್ಗದಿಂದ ಮೂರು ಗಂಟು ಬಿಗಿದೆ.

ಒಂಟಿಯಾಗಿದ್ದ ವಯಸ್ಸಾದ ಯಜಮಾನರು ನಮ್ಮನ್ನು ಒಲೆಯ ಮುಂದೆ ಕೂರಿಸಿ ಚಹಾ ಕೊಟ್ಟರು. ಗಂಟೆ ಕಳೆದ ಮೇಲೆ ಕಿಟಕಿಯಲ್ಲಿ ಇಣುಕಿ ಹುಬ್ಬು ಗಂಟಿಕ್ಕಿದರು. ಗಬ್ಬದ ಕುರಿಗಳು ಬಯಲಲ್ಲಿವೆ, ಇಷ್ಟು ಹೊತ್ತಿಗೆ ಅಂಗಳದ ಮರಗಳ ಮರೆಗೆ ಬರಬೇಕಿತ್ತು, ಅದಕ್ಕೇ ಗೇಟು ತೆಗೆದಿಟ್ಟಿದ್ದೆ ಎಂದರು. 

“ರೀ, ನೀವು ಗೇಟ್ ಕಟ್ಟಿ ಬಂದ್ರಲ್ಲ,” ಎಂದಳು ಹೆಂಡತಿ. “ಅವ್ರಿಗೆ ಹೇಳಿ.”

ಹೇಳಿದೆ. ಅವರು ಬೈಯಲಿಲ್ಲ. ಒಂದು ಕೋಟನ್ನು ನನ್ನ ಕಡೆ ಎಸೆದು ಹೊರಟರು.

ಹೊರಗೆ ಗಾಳಿ ಕಪಾಳಕ್ಕೆ ಬಾರಿಸಿತು. ಗೇಟಿನಾಚೆ ಕುರಿಗಳು ಒಂದರ ಮೇಲೊಂದು ಹತ್ತಿ ಒಟ್ಟಿಕೊಂಡಿದ್ದವು. ಮೇಲಿನವು ತುಳಿಯುತ್ತಿದ್ದವು, ಕೆಳಗಿನವುಗಳ ಬಾಯಿಂದ ರಕ್ತ ಇಳಿದು ಹಿಮ ಕೆಂಪಾಗಿತ್ತು. ನನ್ನ ಗಂಟುಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಯಜಮಾನರು ಚಾಕುವಿನಿಂದ ಹಗ್ಗ ಕತ್ತರಿಸಿದ್ದೇ ತಡ, ಗೇಟು ರಪ್ಪನೆ ಬಡಿದು ನನ್ನನ್ನು ಕೆಡವಿತು. ಕುರಿಗಳು ನನ್ನ ಬೆನ್ನು ತುಳಿದುಕೊಂಡೇ ನುಗ್ಗಿದವು. ಎದ್ದು, ಉಣ್ಣೆಯೋ ಕಾಲೋ ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದೆ. ಜೀವವಿದ್ದವು ಮರಗಳತ್ತ ತೂರಾಡಿಕೊಂಡು ಓಡಿದವು, ನಾನು ಎಳೆದವುಗಳಲ್ಲಿ ಹೆಚ್ಚಿನವು ಏಳಲಿಲ್ಲ.

ಹಾಗೆ ಬಿದ್ದವುಗಳಲ್ಲಿ ಒಂದು ಮಾತ್ರ ಸಾಯದೆ ಉಳಿಯಿತು. ಸೊಂಟ ಮುರಿದು ಮುಂಗಾಲುಗಳಲ್ಲಿ ತೆವಳುತ್ತಿತ್ತು. ಯಜಮಾನರು ಚಾಕುವನ್ನು ನನ್ನ ಕೈಗಿಟ್ಟು ಅದರ ಕತ್ತು ತೋರಿಸಿದರು.

“ನೋವಿನಲ್ಲಿ ಬಿಡಬೇಡ,” ಎಂದು, ಹಿಂದೆ ಉಳಿದ ಕುರಿಗಳನ್ನು ಹುಡುಕಲು ಬಯಲಿಗೆ ನಡೆದರು.

ನಾನು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು. ಕುರಿಗೆ ಒತ್ತಿ ಮೊಣಕಾಲೂರಿ, ಚಾಕುವನ್ನು ಕತ್ತಿನ ಹತ್ತಿರ ಒಯ್ದೆ, ತೆಗೆದೆ, ಮತ್ತೆ ಒಯ್ದೆ. ಕುರಿ ಒದ್ದಾಡುತ್ತಲೇ ಇತ್ತು. ಹೊಟ್ಟೆಯೊಳಗೆ ಮರಿ ಅಲುಗಿದ್ದು ನನ್ನ ಮೊಣಕಾಲಿಗೆ ತಿಳಿಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಕೈ ಮುಂದೆ ಹೋಗಲಿಲ್ಲ.

ಯಜಮಾನರು ಮರಳುವಾಗ ಬಹಳ ಹೊತ್ತಾಗಿತ್ತು. ಕುರಿ ಇನ್ನೂ ಉಸಿರಾಡುತ್ತಿತ್ತು. ಅವರು ಚಾಕು ಕಿತ್ತುಕೊಂಡು ಒಂದೇ ಎಳೆತಕ್ಕೆ ಮುಗಿಸಿದರು. ಆಮೇಲೆ ಗಾಳಿಯನ್ನೂ ಮೀರಿಸುವ ದನಿಯಲ್ಲಿ ನನ್ನನ್ನು ಬೈದರು. ಗೇಟು ಕಟ್ಟಿದ್ದಕ್ಕೆ ಅವರು ಒಂದು ಮಾತೂ ಅಂದಿರಲಿಲ್ಲ.